ಬಸ್ ಸಹಜ

ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಈಗಲೂ ಒಂದು ಕೆಂಪು ಪೆನ್ನು ಇರುತ್ತದೆ. ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆಗಿ ಹದಿನೈದು ವರ್ಷವಾಯಿತು. ತಿದ್ದಲು ಯಾವ ಪೇಪರೂ ಇಲ್ಲ. ಆದರೂ ಮಂಡಿನೋವಿನ ಮುಲಾಮು, ಓದುವ ಕನ್ನಡಕ, ಪೆಪ್ಪರ್‌ಮಿಂಟು ಇವುಗಳ ನಡುವೆ ಅದೂ ಹೊರಳಾಡಿಕೊಂಡಿರುತ್ತದೆ. ಮದುವೆಯ ಕಾರ್ಡು ಬಂದರೆ ನಾನು ಮೊದಲು ನೋಡುವುದು ಮುಹೂರ್ತವನ್ನಲ್ಲ, ಸ್ಪೆಲ್ಲಿಂಗನ್ನು. ಮೈಸೂರಿನ ನಮ್ಮ ಬೀದಿಯ ಬೇಕರಿಯವನಿಗೆ ಅವನ ಬೋರ್ಡಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಆತ, "ಮೇಡಂ, ಪಫ್ಸ್ ಚೆನ್ನಾಗಿದ್ಯೋ ಇಲ್ವೋ ಅದು ಹೇಳಿ," ಎಂದ. ಪಫ್ಸ್ ಚೆನ್ನಾಗಿತ್ತು. ಅದನ್ನು ನಾನು ಹೇಳಲಿಲ್ಲ.

ಇಂಥವಳು ಕೌಲಾಲಂಪುರದ ಏರ್‌ಪೋರ್ಟಿನಲ್ಲಿ ಇಳಿದರೆ ಏನಾಗಬೇಕು ನೀವೇ ಹೇಳಿ. ನಾಲ್ಕು ಗಂಟೆ ಕಾಲು ಮಡಿಸಿ ಕೂತು ಊದಿಸಿಕೊಂಡ ಪಾದಗಳನ್ನು ಚಪ್ಪಲಿಗೆ ತುರುಕಿಕೊಂಡು ಹೊರಗೆ ಬಂದೆ. ತಲೆ ಎತ್ತಿದರೆ ಬೋರ್ಡು: ಕೌಂಟರ್. ಆದರೆ ಸಿ ಇರಬೇಕಾದ ಕಡೆ ಕೆ, ಓ ಇರಬೇಕಾದ ಕಡೆ ಎ. ಮುಂದೆ ಹೋದರೆ ಟ್ಯಾಕ್ಸಿ. ಟಿ, ಇ, ಕೆ, ಎಸ್, ಐ. ಟಿಕೆಟ್ಟಿಗೆ ಸಿ ಇಲ್ಲವೇ ಇಲ್ಲ. ಪೊಲೀಸಿಗೆ ಕೊನೆಯ ಇ ಇಲ್ಲ. ಕಸ್ಟಮ್ಸಿನವರಂತೂ ಕೆ ಹಾಕಿಕೊಂಡು, ಎಸ್ ಕಳೆದುಕೊಂಡು, ಏನೂ ಆಗಿಲ್ಲವೆಂಬಂತೆ ಯೂನಿಫಾರ್ಮಿನಲ್ಲಿ ನಿಂತಿದ್ದರು. ನನ್ನ ಕೈ ತಾನಾಗಿ ಬ್ಯಾಗಿನೊಳಗೆ ಹೋಯಿತು. ಇಡೀ ದೇಶವನ್ನೇ ಫೇಲ್ ಮಾಡಬೇಕಾಗಿತ್ತು.

ನನ್ನ ಪಕ್ಕದಲ್ಲಿ ಸಾವಿತ್ರಿ ಎರಡೂ ಕೈಯಲ್ಲಿ ಟ್ರಾಲಿ ಹಿಡಿದು, ಒಂದೊಂದೇ ಬೋರ್ಡನ್ನು ಗಟ್ಟಿಯಾಗಿ, ತಡವರಿಸದೆ ಓದುತ್ತ ಬರುತ್ತಿದ್ದಳು. "ಟೆಕ್ಸಿ. ಟಿಕೆಟ್. ಪೊಲಿಸ್. ಅಲ್ವೇ ವಿಮೀ, ಇದು ನನ್ನ ಡಿಕ್ಟೇಷನ್ ಬುಕ್ಕಲ್ವೇನೇ?"

ಅವಳು ನಕ್ಕಳು. ನಾನೂ ನಕ್ಕೆ. ನನ್ನ ನಗು ಎಲ್ಲಿಯೋ ಸಿಕ್ಕಿಕೊಂಡದ್ದು ಅವಳಿಗೆ ಕಾಣಿಸಲಿಲ್ಲ ಎಂದುಕೊಂಡೆ.

ಯಾರು ಈ ಸಾವಿತ್ರಿ ಎಂದು ಹೇಳಬೇಕು. ಮೈಸೂರಿನ ಕಾನ್ವೆಂಟಿನಲ್ಲಿ ನಾವು ಮೂವರು ಒಂದೇ ಬೆಂಚಿನವರು: ನಾನು, ನಳಿನಿ, ಸಾವಿತ್ರಿ. ನಳಿನಿಯ ಮಗಳು ಕೌಲಾಲಂಪುರದ ಮೆಡಿಕಲ್ ಕಾಲೇಜಿನಲ್ಲಿ ಲೆಕ್ಚರರ್. ನಳಿನಿ ಎರಡು ವರ್ಷದಿಂದ ಊರಂಚಿನ ಪುಚೊಂಗಿನಲ್ಲಿ ಮಗಳ ಜೊತೆ ಇದ್ದಾಳೆ. "ಇನ್ನೊಂದು ವರ್ಷ ಬಿಟ್ರೆ ನಾವ್ಯಾರೂ ಮೆಟ್ಟಿಲು ಹತ್ತೋ ಹಾಗಿರಲ್ಲ, ಈಗಲೇ ಬನ್ನಿ," ಎಂದು ಫೋನಿನಲ್ಲಿ ಕರೆದವಳು ಅವಳು. ನನಗೆ ಮನಸ್ಸಿರಲಿಲ್ಲ. ಈ ವಯಸ್ಸಿನಲ್ಲಿ ಊರು ನೋಡುವುದೆಂದರೆ ಆ ಊರಿನ ಕುರ್ಚಿಗಳನ್ನು ನೋಡುವುದು ಅಷ್ಟೆ. ಆದರೆ ಸಾವಿತ್ರಿ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮೊದಲ ಪಾಸ್‌ಪೋರ್ಟು ಮಾಡಿಸಿಕೊಂಡು ನಮ್ಮ ಮನೆಗೆ ಬಂದು, ಅದರ ಫೋಟೋ ತೋರಿಸಿ, "ಕಳ್ಳಿ ಥರ ಕಾಣ್ತೀನಾ?" ಎಂದು ಕೇಳಿದಾಗ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಏಕೆಂದರೆ ಕಾನ್ವೆಂಟಿನಲ್ಲಿದ್ದಾಗ ಸಾವಿತ್ರಿ ಏರ್ ಹೋಸ್ಟೆಸ್ ಆಗುತ್ತೇನೆ ಎನ್ನುತ್ತಿದ್ದಳು. ಲಂಚ್ ಬಾಕ್ಸಿನ ಮುಚ್ಚಳವನ್ನು ಟ್ರೇ ಮಾಡಿಕೊಂಡು, ಬೆಂಚುಗಳ ನಡುವೆ ನಡೆದು, "ಟೀ ಆರ್ ಕಾಫಿ, ಮೇಡಂ?" ಎಂದು ನಮಗೆಲ್ಲ ಗೋಡಂಬಿ ಚೂರು ಹಂಚುತ್ತಿದ್ದಳು.

ಅವಳು ಆದದ್ದು ಟೈಲರ್. ನಲವತ್ತು ವರ್ಷದಿಂದ ನನ್ನ ಬ್ಲೌಸುಗಳೆಲ್ಲ ಅವಳ ಕೈಯವೇ. ಉದ್ದನೆಯ ಕಿರಿದಾದ ಅಳತೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ತೋಳು, ಎದೆ, ಸೊಂಟ ಎಂದು ಮುದ್ದಾದ ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ. ಪ್ರತಿ ದಸರಾಕ್ಕೂ ಸೊಂಟದ ಅಂಕಿ ತಿದ್ದುವಾಗ ಒಂದು ಮಾತೂ ಆಡುವುದಿಲ್ಲ. ಅಂಥ ಸೌಜನ್ಯ ನನ್ನ ಕೆಂಪು ಪೆನ್ನಿಗೆ ಎಂದೂ ಬರಲಿಲ್ಲ.

ನಮಗೆ ಸಿಸ್ಟರ್ ಬೆನೆಡಿಕ್ಟಾ ಎಂಬುವರಿದ್ದರು. ಬಿಳಿಯ ಗಂಜಿ ಹಾಕಿದ ಉಡುಪು, ಸೀಮೆಸುಣ್ಣ ಮತ್ತು ಲೈಫ್‌ಬಾಯ್ ಸೋಪು ಬೆರೆತ ವಾಸನೆ. ಪ್ರತಿ ಶುಕ್ರವಾರ ಡಿಕ್ಟೇಷನ್. ಕಿಟಕಿಯಾಚೆ ನಾಗಲಿಂಗದ ಮರದಿಂದ ಹೂ ಬಿದ್ದ ಸದ್ದೂ ಕೇಳಿಸುವಷ್ಟು ನಿಶ್ಶಬ್ದ. ನಾಲ್ಕನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿ ಬಂದ ಸಾವಿತ್ರಿ ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯುತ್ತಿದ್ದಳು. ಬಿಸ್ಕೆಟ್ಟಿನಲ್ಲಿ ಅಡಗಿ ಕೂತ ಯು ಅವಳಿಗೆ ಎಂದೂ ಸಿಕ್ಕಲಿಲ್ಲ. "ಯೂ ರೈಟ್ ವಿತ್ ಯುವರ್ ಇಯರ್ಸ್, ಚೈಲ್ಡ್," ಎಂದು ಸಿಸ್ಟರ್ ಅವಳ ಕಿವಿ ಹಿಡಿದೇ ಹೇಳುತ್ತಿದ್ದರು. ನಾನು ಕ್ಲಾಸ್ ಲೀಡರ್. ನನ್ನ ಬುಕ್ಕಿನಲ್ಲಿ ತಪ್ಪಿರುತ್ತಿರಲಿಲ್ಲ. ಆ ಹೆಮ್ಮೆ ಇವತ್ತಿಗೂ ಪೂರ್ತಿ ಹೋಗಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಹೋಗಿದ್ದರೆ ಬೇಕರಿಯವನು ಬದುಕಿಕೊಳ್ಳುತ್ತಿದ್ದ.

ಆ ಶುಕ್ರವಾರಗಳಲ್ಲಿ ಒಂದರ ಮಾತಿಗೆ ಆಮೇಲೆ ಬರುತ್ತೇನೆ. ಬರಬೇಕೆಂದೇ ಈ ಬರಹ. ಆದರೂ ಸುತ್ತಿ ಬಳಸಿ ನಡೆಯುವುದು ಮಂಡಿಯ ಅಭ್ಯಾಸ.

ನಳಿನಿ ಮೊದಲ ದಿನವೇ ನಮ್ಮನ್ನು ಆ ಅವಳಿ ಗೋಪುರಗಳ ಬುಡಕ್ಕೆ ಕರೆದುಕೊಂಡು ಹೋದಳು. ತುಂಬ ಎತ್ತರ. ನನಗೆ ಕತ್ತು ನೋವು ಬಂತು. ಸಾವಿತ್ರಿ ಅಷ್ಟು ದೂರ ಹಿಂದೆ ಹಿಂದೆ ನಡೆದು, ಕೊನೆಗೆ ನೆಲದ ಮೇಲೆ ಕೂತು, ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದಳು. ಫೋಟೋದ ಕೆಳಗಡೆ ಬೆಂಚಿನ ಮೇಲೆ ಒಂದು ಬಟ್ಟೆಯ ಗಂಟು ಕಾಣುತ್ತದಲ್ಲ, ಅದು ನಾನು.

ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ ನಾನು ಈ ಊರಿನ ಸ್ಪೆಲ್ಲಿಂಗಿನ ಬಗ್ಗೆ ದೂರಿಕೊಂಡೆ. ನಳಿನಿಯ ಮೊಮ್ಮಗಳು, ಒಂಬತ್ತು ವರ್ಷದ ಮಿಹಿಕಾ, ಸೋಫಾದ ಮೇಲೆ ತಲೆಕೆಳಗಾಗಿ ಮಲಗಿದ್ದವಳು ಅಲ್ಲಿಂದಲೇ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ, ತೀರ್ಪು ಕೊಟ್ಟಳು. "ಅಜ್ಜಿ, ಇಟ್ಸ್ ನಾಟ್ ರಾಂಗ್ ಲಾ. ಇಟ್ಸ್ ಮಲೇ."

"ಕನ್ನಡದಲ್ಲಿ ಹೇಳೇ," ಎಂದಳು ನಳಿನಿ.

"ಶಿ ಅಂಡರ್‌ಸ್ಟ್ಯಾಂಡ್ಸ್, ವಾಟ್."

"ಇಲ್ಲಿಯ ಮಲೇ ಭಾಷೆಯವರು ಇಂಗ್ಲಿಷ್ ಪದ ತಗೊಂಡ್ರೂ ತಮ್ಮ ಕಿವಿಗೆ ಕೇಳಿಸಿದ ಹಾಗೇ ಬರ್ಕೋತಾರೆ ಕಣೇ ವಿಮೀ. ಅದೇ ಇಲ್ಲಿಯ ಸರಿ," ಎಂದು ನಳಿನಿ ವಿವರಿಸಿದಳು.

ಸಾವಿತ್ರಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. "ಹಾಗಾದ್ರೆ ನಾನು ತಪ್ಪು ಬರೀತಿರಲಿಲ್ಲ. ತಪ್ಪು ದೇಶದಲ್ಲಿ ಬರೀತಿದ್ದೆ ಅಷ್ಟೆ," ಎಂದಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಿಸಿನೀರಿನ ಬಕೆಟ್ಟನ್ನೇ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಬ್ರಿಕ್‌ಫೀಲ್ಡ್ಸ್, ಇಲ್ಲಿಯ ಭಾರತೀಯರ ಪೇಟೆ. ಪುಚೊಂಗಿನಿಂದ ಒಂದು ರೈಲು, ಮಧ್ಯೆ ಇಳಿದು ಇನ್ನೊಂದು ರೈಲು, ನಡುವೆ ನನ್ನ ಪಾಲಿಗೆ ನಾಲ್ಕು ಎಸ್ಕಲೇಟರು. ಇಳಿದ ಸ್ಟೇಷನ್ನಿನ ಹೆಸರು ಸೆಂಟ್ರಲ್; ಅದಕ್ಕೂ ಸಿ ಬದಲು ಎಸ್. ಸಾವಿತ್ರಿ ನನ್ನ ಪಕ್ಕೆಗೆ ತಿವಿದು ತೋರಿಸಿದಳು. ಹೊರಗೆ ಬಂದರೆ ಬೆಳಗಿನ ಹತ್ತಕ್ಕೇ ಒದ್ದೆ ಟವಲನ್ನು ಮುಖಕ್ಕೆ ಸುತ್ತಿದಂಥ ಸೆಕೆ. ಮಲ್ಲಿಗೆ ಕಟ್ಟುವವರು, ಬಾಳೆ ಎಲೆಯ ಹೋಟೆಲು, ಸೀರೆ ಅಂಗಡಿಯ ಹೊರಗೆ ಬೆತ್ತಲೆ ಕೈ ಚಾಚಿ ನಿಂತ ಗೊಂಬೆಗಳು, ಮೇಲೆ ಹಾದುಹೋಗುವ ಮೋನೊರೈಲು. ಇಷ್ಟು ದೂರ ಬಂದು ಮೈಸೂರಿನ ಮಾರ್ಕೆಟ್ಟಿಗೇ ಬಂದೆವಲ್ಲ ಎನ್ನಿಸಿತು. ಆದರೆ ಮೈಸೂರಿನಲ್ಲಾದರೆ ಎಲ್ಲಿ ಕೂರಬೇಕೆಂದು ನನಗೆ ಗೊತ್ತು.

ಒಂದು ಬ್ಲೌಸಿನ ಅಂಗಡಿಯ ಮುಂದೆ ಸಾವಿತ್ರಿ ನಿಂತೇಬಿಟ್ಟಳು. ಗೊಂಬೆಯ ತೋಳಿನ ಹೊಲಿಗೆ ತಿರುಗಿಸಿ ನೋಡಿದಳು. ಅಂಗಡಿಯ ತಮಿಳು ಹೆಂಗಸು ಒಳಗಿಂದ, "ಎನ್ನ ಆಂಟಿ, ವೇಣುಮಾ?" ಎಂದಳು. ಇವಳು ಕನ್ನಡದಲ್ಲಿ, "ಬೇಡಮ್ಮ, ಬಗಲಲ್ಲಿ ಎಳೀತಿದೆ ನೋಡು, ಅರ್ಧ ಇಂಚು ಬಿಡಬೇಕಿತ್ತು," ಎಂದಳು. ಆ ಹೆಂಗಸು ಬಂದು ನೋಡಿ, "ಅಯ್ಯೋ, ಆಮಾ ಲಾ!" ಎಂದು ಹಣೆ ಚಚ್ಚಿಕೊಂಡಳು. ಐದು ನಿಮಿಷದಲ್ಲಿ ಇಬ್ಬರೂ ಒಂದೇ ಟೇಪಿನ ಎರಡು ತುದಿ ಹಿಡಿದಿದ್ದರು. ಅವಳಾಡಿದ ತಮಿಳು ಇವಳಿಗೆ ಬಾರದು, ಇವಳ ಕನ್ನಡ ಅವಳಿಗೆ ಬಾರದು. ತಪ್ಪು ಹೊಲಿಗೆ ಇಬ್ಬರಿಗೂ ತಿಳಿಯುತ್ತಿತ್ತು. ಮೂರು ಭಾಷೆಯಲ್ಲಿ ಗ್ರಾಮರ್ ಬಲ್ಲ ನಾನು ಸ್ಟೂಲು ಸಿಕ್ಕೀತೆ ಎಂದು ಹುಡುಕುತ್ತಿದ್ದೆ.

ಮಧ್ಯಾಹ್ನದ ಊಟಕ್ಕೆ ಮಾಮಕ್. ಎಂದರೆ ಇಲ್ಲಿಯ ತಮಿಳು ಮುಸಲ್ಮಾನರ ಹೋಟೆಲು. ರಸ್ತೆಗೇ ತೆರೆದುಕೊಂಡಿರುತ್ತದೆ, ಟೀಯನ್ನು ಮೊಳದುದ್ದ ಎಳೆದು ಹಾಕುತ್ತಾರೆ. ಕುರ್ಚಿ ಪ್ಲಾಸ್ಟಿಕ್ಕಿನದಾದರೂ ಬೆನ್ನಿತ್ತು. ಸಾವಿತ್ರಿ ಸಪ್ಲೈಯರನನ್ನು ಕರೆದು, ಅವನಿಗೆ ತಿಳಿಯಲೆಂದು ದೋಸೆಯನ್ನು ಇಂಗ್ಲಿಷ್ ಮಾಡಿ, "ದೋಸ ಇದೆಯಾ?" ಎಂದು ಕೇಳಿದಳು. ಮಲಯರವನಿರಬೇಕು, ಅವನು ಗಾಬರಿಯಾಗಿ ನಳಿನಿಯ ಮುಖ ನೋಡಿದ.

"ತೋಸೈ ಅನ್ಬೇಕು ಕಣೇ," ಎಂದಳು ನಳಿನಿ, ನಗು ತಡೆದುಕೊಳ್ಳುತ್ತ. "ಇವರ ಭಾಷೇಲಿ ದೋಸ ಅಂದ್ರೆ ಪಾಪ. ನಮ್ಮ ದೋಷವೇ ಇಲ್ಲಿ ದೋಸ ಆಗಿದೆ. ಪಾಪ ಇದೆಯಾ ಅಂತ ಕೇಳಿದೆ ನೀನು."

"ಇದ್ರೆ ಎರಡು ತರಲಿ. ಒಂದು ಮಸಾಲೆ ಹಾಕಿದ್ದು," ಎಂದಳು ಸಾವಿತ್ರಿ. ಆಮೇಲೆ ನನ್ನ ಕಡೆ ತಿರುಗಿ, "ನಿನಗೆ, ಲೀಡರಮ್ಮ? ನಿನ್ನ ಹತ್ತಿರ ಒಂದೂ ಇಲ್ಲ ಅಲ್ವಾ, ನೀನೂ ಒಂದು ತಗೋ."

ಅವಳು ತಮಾಷೆಗೆ ಅಂದದ್ದು. ನಾನು ನನ್ನ ತೋಸೈಯ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಟೀ ಕುಡಿದೆ. ಅರವತ್ತು ವರ್ಷ ಒಂದು ಮಾತನ್ನು ಹೊತ್ತುಕೊಂಡಿರುವುದು ಎಷ್ಟು ಆಯಾಸದ ಕೆಲಸ ಎಂದು ಆವತ್ತು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಮೊದಲ ಬಾರಿಗೆ ತಿಳಿಯಿತು. ಮಂಡಿಯದು ಅದರ ಮುಂದೆ ಏನೂ ಅಲ್ಲ.

ಊಟವಾದ ಮೇಲೆ ಮ್ಯೂಸಿಯಂಗೆ ಹೋಗೋಣ ಎಂದಳು ನಳಿನಿ. "ಹಳೇ ಸಾಮಾನು ನೋಡೋಕೆ ಹಳೇ ಸಾಮಾನುಗಳು ಯಾಕೆ ಹೋಗ್ಬೇಕು," ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಿಹಿಕಾಗೆ ರೊಟ್ಟಿ ತಪಾವ್ ಮಾಡಿಸಿಕೊಂಡು, ಅಂದರೆ ಪಾರ್ಸೆಲ್ ಕಟ್ಟಿಸಿಕೊಂಡು ಬರುತ್ತೇನೆ, ನೀವು ಬಸ್‌ಸ್ಟಾಪಿನಲ್ಲಿ ಕೂತಿರಿ ಎಂದು ನಳಿನಿ ಹಿಂದಕ್ಕೆ ಹೋದಳು.

ಹೀಗೆ ನಾವಿಬ್ಬರೇ ಉಳಿದೆವು. ಎದುರಿಗೆ ರಸ್ತೆಯ ಅಂಚಿನಲ್ಲಿ ಒಂದು ಬೋರ್ಡು. ಅದರ ಕೊನೆಯ ಎರಡು ಪದಗಳನ್ನು ಸಾವಿತ್ರಿ ಓದಿದಳು. "ಬಿ, ಎ, ಎಸ್. ಬಸ್. ಎಸ್, ಎ, ಎಚ್... ಸಹಜ. ಬಸ್ ಸಹಜ! ನೋಡೇ ವಿಮೀ, ಬೋರ್ಡ್ ಹಾಕಿ ಹೇಳ್ತಿದ್ದಾರೆ. ಹೀಗೆ ಬರೆಯೋದೇ ಸಹಜ ಅಂತ!"

ಇನ್ನು ಸುತ್ತಿ ಬಳಸಲು ದಾರಿಯಿರಲಿಲ್ಲ.

ಏಳನೆಯ ಕ್ಲಾಸಿನ ಕೊನೆಯ ಡಿಕ್ಟೇಷನ್. 'ಎ ವಿಸಿಟ್ ಟು ದ ಸಿಟಿ' ಎಂದು ಸಿಸ್ಟರೇ ಬರೆದುಕೊಂಡು ಬಂದಿದ್ದ ಒಂದು ಪ್ಯಾರಾ: ಒಂದು ಕುಟುಂಬ ಪಟ್ಟಣ ನೋಡಲು ಹೋಗುತ್ತದೆ, ಟ್ಯಾಕ್ಸಿ ಸಿಕ್ಕುವುದಿಲ್ಲ, ಬಸ್ಸು ಹತ್ತುತ್ತಾರೆ. ಹತ್ತು ತಪ್ಪಿನವರೆಗೆ ಮಾಫಿ. ಹನ್ನೊಂದಾದರೆ ಮುಂದಿನ ವರ್ಷದಿಂದ ಗೋಡೆಯಾಚೆಯ ಕನ್ನಡ ಮೀಡಿಯಂ. ತಿದ್ದಲು ಬುಕ್ಕುಗಳನ್ನು ಕಲೆಸಿ ನಮ್ಮ ನಮ್ಮಲ್ಲೇ ಹಂಚಿದರು. ಸಾವಿತ್ರಿಯದು ನನ್ನ ಕೈಗೆ ಬಂತು. ಎಣಿಸಿದೆ. ಸರಿಯಾಗಿ ಹತ್ತು. ಉಳಿದದ್ದು ಒಂದೇ ಪದ, ಬಸ್. ಮಧ್ಯದ ಅಕ್ಷರ ಯು ಇರಬಹುದು, ಎ ಇರಬಹುದು. ಕೂಡುಬರಹದಲ್ಲಿ ನಿಮಗೆ ಗೊತ್ತಲ್ಲ, ಮೇಲೆ ಬಾಯಿ ತೆರೆದಿದ್ದರೆ ಯು, ಮುಚ್ಚಿದರೆ ಎ. ಇದರದು ಮುಚ್ಚಿದಂತೆ ಕಾಣುತ್ತಿತ್ತು. ಅದೇ ಪುಟದಲ್ಲಿ ಅವಳು ಬರೆದ ಬೇರೆ ಯು ಗಳನ್ನು ನೋಡಿ ಹೋಲಿಸಬಹುದಿತ್ತು. ನೋಡಲಿಲ್ಲ. ಏಕೆಂದರೆ ಆ ಮಧ್ಯಾಹ್ನ ಅವಳು ತಂದಿದ್ದ ಹುಳಿ ಅವಲಕ್ಕಿಯನ್ನು ನಳಿನಿಗೆ ಕೊಟ್ಟಿದ್ದಳು, ನನಗೆ ಕೊಟ್ಟಿರಲಿಲ್ಲ. ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದೆ. ಹನ್ನೊಂದು ಎಂದು ಬರೆದು ಕೆಳಗೆ ಸುತ್ತು ಹಾಕಿದೆ.

"ಇಂಗ್ಲಿಷೇ ಇಲ್ಲ ಅಂದ್ಮೇಲೆ ಕಾನ್ವೆಂಟ್ ಯಾತಕ್ಕೆ," ಎಂದು ಅವರಪ್ಪ ಅವಳನ್ನು ಮನೆಯ ಹತ್ತಿರದ ಶಾಲೆಗೆ ಹಾಕಿದರು. ಹತ್ತನೆಯ ಕ್ಲಾಸಿನ ನಂತರ ಹೊಲಿಗೆ. ಅವಳ ಕೈಬರಹದಲ್ಲಿ ಇಂಗ್ಲಿಷ್ ಅಕ್ಷರವನ್ನು ಆಮೇಲೆ ಅರವತ್ತು ವರ್ಷ ನಾನು ನೋಡಲೇ ಇಲ್ಲ.

ಇದನ್ನೆಲ್ಲ ಬಸ್‌ಸ್ಟಾಪಿನಲ್ಲಿ, ಬೋರ್ಡನ್ನೇ ನೋಡಿಕೊಂಡು ಹೇಳಿ ಮುಗಿಸಿದೆ. ಇಂಗ್ಲಿಷಿನಲ್ಲಿ ಹೇಳಿದ್ದರೆ ಚೆನ್ನಾಗಿ ಹೇಳುತ್ತಿದ್ದೆನೇನೋ. 'ಐ ಆಮ್ ಸಾರಿ' ಎಂದರೆ ಕಾಲು ತುಳಿದವರೂ ಅನ್ನುತ್ತಾರೆ. ಕನ್ನಡದಲ್ಲಿ ಬಾಯಿ ಒಣಗಿತು. "ಅದು ಯು ಇತ್ತೇನೋ ಸಾವಿ. ನಾನು ಸರಿಯಾಗಿ ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲ. ತಪ್ಪಾಯ್ತು ಕಣೇ."

ಸಾವಿತ್ರಿ ಸೆರಗಿನಿಂದ ಕತ್ತು ಒರೆಸಿಕೊಂಡಳು. ಒಂದು ಲಾರಿ ಹೋಯಿತು. ಎರಡು ಮೋಟಾರ್‌ಸೈಕಲ್ಲು ಹೋದವು.

"ಅದು ಎ ನೇ," ಎಂದಳು.

"ನಿಜವಾಗ್ಲೂ?"

"ನಾನು ಬರೆದದ್ದು ನನಗೆ ಗೊತ್ತಿಲ್ವೇನೇ? ಬ-ಸ್. ಬ ಅಂದ್ರೆ ಬಿ, ಎ. ಹಾಗೇ ಬರೆದೆ. ನೀನು ಸರಿಯಾಗೇ ತಿದ್ದಿದ್ದೀಯ. ಅರವತ್ತು ವರ್ಷ ಸುಮ್ಮನೆ ತಲೆ ಕೆಡಿಸ್ಕೊಂಡಿದ್ದೀಯ, ಪೆದ್ದಿ." ನನ್ನ ಕಡೆ ತಿರುಗಿ ಮತ್ತೆ ಹೇಳಿದಳು. "ಆದ್ರೆ ಅವಲಕ್ಕಿ ಕೊಡಲಿಲ್ಲ ಅಂದ್ಯಲ್ಲ, ಅದು ನನಗೆ ಬೇಜಾರಾಯ್ತು. ಗಂಟಲು ಕಟ್ಟಿದೆ, ಹುಳಿ ತಿನ್ನಬೇಡ ಅಂದಿದ್ದಾರೆ ಅಮ್ಮ, ಅಂತ ಅವತ್ತು ಬೆಳಿಗ್ಗೆ ನೀನೇ ಹೇಳಿದ್ದೆ. ಅದಕ್ಕೇ ಕೊಡಲಿಲ್ಲ. ಮರೆತುಬಿಟ್ಯಾ?"

ಮರೆತುಬಿಟ್ಟಿದ್ದೆ. ಡಿಕ್ಟೇಷನ್ನಿನ ಹತ್ತು ತಪ್ಪೂ ನೆನಪಿದ್ದವಳಿಗೆ ತನ್ನ ಗಂಟಲು ನೆನಪಿರಲಿಲ್ಲ.

ನಳಿನಿ ಬಿಸಿ ರೊಟ್ಟಿಯ ಪೊಟ್ಟಣ ಹಿಡಿದು ಬಂದಳು. "ಏನೇ ಇಬ್ಬರೂ ಹೀಗೆ ಕೂತಿದ್ದೀರ? ಜಗಳ ಆಡಿದ್ರಾ?"

"ಬೋರ್ಡ್ ಓದ್ತಿದ್ವಿ," ಎಂದಳು ಸಾವಿತ್ರಿ. "ಬಸ್ ಸಹಜ."

"ಸಹಜ ಅಲ್ಲ ಕಣೇ. ಇಲ್ಲಿ ಸಹಜ ಅಂದ್ರೆ 'ಮಾತ್ರ' ಅಂತ. ಬಸ್ಸಿಗೆ ಮಾತ್ರ ಈ ದಾರಿ ಅಂತ ಅರ್ಥ."

"ಇರಲಿ ಬಿಡು. ನಮ್ಮ ಅರ್ಥವೇ ಚೆನ್ನಾಗಿದೆ," ಎಂದಳು ಸಾವಿತ್ರಿ.

ಬಸ್ಸು ಬಂತು. ಏಸಿಯ ತಣ್ಣನೆ ಗಾಳಿ, ಮೆತ್ತನೆ ಸೀಟು. ನಳಿನಿ ಮುಂದೆ ಕೂತಳು, ನಾವಿಬ್ಬರು ಹಿಂದೆ. ಅದು ಎ ನೇ ಆಗಿತ್ತು. ನನ್ನದೇನೂ ತಪ್ಪಿರಲಿಲ್ಲ. ಇಷ್ಟು ಹಗುರಾಗಿ ಕೂತು ಎಷ್ಟು ಕಾಲವಾಗಿತ್ತೋ. ನಿದ್ದೆಯೇ ಬರುವ ಹಾಗಾಯಿತು.

ಅಷ್ಟರಲ್ಲಿ ಸಾವಿತ್ರಿ ತನ್ನ ಚೀಲದಿಂದ ಅಳತೆ ಪುಸ್ತಕ ತೆಗೆದಳು. ಇಲ್ಲಿಗೂ ತಂದಿದ್ದಾಳೆ! ಕೊನೆಯ ಹಾಳೆಗಳಲ್ಲಿ ಎರಡು ದಿನದಿಂದ ಕಂಡ ಬೋರ್ಡುಗಳನ್ನೆಲ್ಲ ನೋಡಿ ನೋಡಿ ಬರೆದುಕೊಂಡಿದ್ದಳು, ಕೂಡುಬರಹದಲ್ಲಿ, ಸಿಸ್ಟರ್ ಕಲಿಸಿದ ಹಾಗೆ ಬಲಕ್ಕೆ ವಾಲಿಸಿ. "ತಗೋ ಲೀಡರಮ್ಮ, ಕರೆಕ್ಷನ್ ಮಾಡು. ಮೊಮ್ಮಕ್ಕಳಿಗೆ ತೋರಿಸ್ಬೇಕು," ಎಂದು ನನ್ನ ಮಡಿಲಿಗೆ ಹಾಕಿ ಕಿಟಕಿಯ ಕಡೆ ತಿರುಗಿದಳು.

ಕನ್ನಡಕ ಹಾಕಿಕೊಂಡೆ, ಕೆಂಪು ಪೆನ್ನು ತೆಗೆದೆ. ಟೆಕ್ಸಿ, ಟಿಕೆಟ್ ಸರಿ. ಮುಂದಿನದು ಹಣ್ಣಿನ ರಸದ ಅಂಗಡಿಯ ಬೋರ್ಡು. ಜೆ, ಯು, ಎಸ್ ಇರಬೇಕು; ಜೆ, ಎ, ಎಸ್ ಎಂದಿದೆ. ಬಿಸ್ಕುಟ್ ಇರಬೇಕು, ಬಿಸ್ಕಟ್ ಎಂದಿದೆ. ಮ್ಯೂಸಿಯಮ್ಮಿಗೆ ಮುಜಿಯಂ ಇರಬೇಕು, ಮಜಿಯಂ ಎಂದಿದೆ. ಕೊನೆಯಲ್ಲಿ ನಳಿನಿಯ ಮನೆಯಿರುವ ಊರು, ಪುಚೊಂಗ್. ಪಚೊಂಗ್ ಎಂದಿತ್ತು. ಇಷ್ಟು ಬೋರ್ಡು ನೋಡಿ ಬರೆದವಳು ಇಲ್ಲೆಲ್ಲ ಎ ಯಾಕೆ ಹಾಕಿದಳು ಎಂದು ಪೆನ್ನು ಇಳಿಸಿದವಳು ಅಲ್ಲೇ ತಡೆದೆ. ಎ ಅಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ತಂದು ನೋಡಿದೆ, ಒಂದೊಂದನ್ನೂ ಹೋಲಿಸಿ, ಅರವತ್ತು ವರ್ಷದ ಹಿಂದೆ ನೋಡಬೇಕಾಗಿದ್ದ ಹಾಗೆ. ಸಾವಿತ್ರಿ ಬರೆಯುವ ಯು ಗಳೇ ಹಾಗೆ. ಒಂದಕ್ಕೂ ಬಾಯಿ ತೆರೆದಿರಲಿಲ್ಲ.

ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಕಿವಿಯ ಹಿಂದೆ ಬೆವರು ಒಣಗಿ ಬಿಳಿಯ ಗೆರೆಯಾಗಿತ್ತು.

ಮೇಲಿನಿಂದ ಕೆಳಗಿನವರೆಗೆ, ಪ್ರತಿ ಪದದ ಮುಂದೂ, ಒಂದನ್ನೂ ಬಿಡದೆ ಸರಿ ಗುರುತು ಹಾಕಿದೆ. ಬಸ್ಸು ಅಲುಗುತ್ತಿತ್ತು. ಗುರುತುಗಳು ಸೊಟ್ಟಗಾದವು.

"ಎಷ್ಟು ತಪ್ಪು, ಲೀಡರಮ್ಮ?" ಎಂದಳು ಸಾವಿತ್ರಿ, ತಿರುಗದೆ.

"ನಿನ್ನದು ಒಂದೂ ಇಲ್ಲ," ಎಂದೆ.

"ಹಾಗಾದ್ರೆ ಆ ಪೆನ್ನು ಒಳಗಿಡು," ಎಂದು ಅವಳು ನನ್ನ ಮೊಳಕೈ ಹಿಡಿದು ಎಬ್ಬಿಸಿದಳು. "ಇಳಿಯೋ ಜಾಗ ಬಂತು."